ಎಮ್ಮಿ ಪ್ರಶಸ್ತಿಯೂ ಫಿಲಡೆಲ್ಫಿಯಾದ ಬಡ ಶಾಲೆಯೂ

ಅಮೆರಿಕದ ಕಿರುತೆರೆ ಉದ್ಯಮ ತನ್ನವರಿಗೆ ತಾನೇ ಕೊಟ್ಟುಕೊಳ್ಳುವ ಎಮ್ಮಿ ಪ್ರಶಸ್ತಿಗಳ 2025ನೇ ಸಾಲಿನ ಪ್ರದಾನ ಸಮಾರಂಭ ಸೆಪ್ಟೆಂಬರ್ 14ರಂದು ಲಾಸ್ ಏಂಜಲಿಸ್‌ನಲ್ಲಿ ನಡೆಯಿತು. ಹಾಸ್ಯ ವಿಭಾಗದ ಗೌರವಗಳ ಬಹುಪಾಲು 'ದಿ ಸ್ಟುಡಿಯೋ' ಎಂಬ ಧಾರಾವಾಹಿಗೆ ಸಂದಿತು. ತನ್ನ ಚೊಚ್ಚಲ ಸೀಸನ್‌ನಲ್ಲೇ ಅದು 13 ಪ್ರಶಸ್ತಿಗಳನ್ನು ಬಾಚಿಕೊಂಡಿತು. ಹಾಸ್ಯ ಧಾರಾವಾಹಿಯೊಂದು ಒಂದೇ ವರ್ಷದಲ್ಲಿ ಇಷ್ಟು ಪ್ರಶಸ್ತಿ ಗಳಿಸಿದ್ದು ಅದೇ ಮೊದಲು. ಹಾಲಿವುಡ್‌ನ ಚಿತ್ರನಿರ್ಮಾಣ ಸಂಸ್ಥೆಯೊಂದರ ಮುಖ್ಯಸ್ಥನ ಪರದಾಟವೇ ಅದರ ವಸ್ತು. ಅದೇ ಸ್ಪರ್ಧೆಯಲ್ಲಿ ಫಿಲಡೆಲ್ಫಿಯಾ ನಗರದ ಬಡ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಕಥೆ ಹೇಳುವ 'ಅಬಟ್ ಎಲಿಮೆಂಟರಿ' ಕೂಡ ಇತ್ತು. ಅದು ಸತತ ನಾಲ್ಕನೆಯ ಬಾರಿ ಅತ್ಯುತ್ತಮ ಹಾಸ್ಯ ಧಾರಾವಾಹಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು. ಸತತ ನಾಲ್ಕನೆಯ ಬಾರಿ ಅದರಿಂದ ವಂಚಿತವಾಯಿತು.

ದೂರದ ಅಮೆರಿಕದವರು ಯಾರ ಕೈಗೆ ಯಾವ ಪುತ್ಥಳಿ ಕೊಟ್ಟರೆ ನಮಗೇನು ಎಂಬ ಪ್ರಶ್ನೆ ಸಹಜ. ಆದರೆ ಇಂಟರ್ನೆಟ್ ವೇದಿಕೆಗಳು ಬಂದ ಮೇಲೆ ಈ ಧಾರಾವಾಹಿಗಳು ಬೆಂಗಳೂರಿನ ಮನೆಗಳ ನಡುಮನೆಗೂ ಬಂದಿವೆ. ನಿವೃತ್ತಿಯ ಬಿಡುವಿನಲ್ಲಿ ನಾನು ಅವುಗಳ ಅಭಿಮಾನಿಯಾದೆ. ಕೊಲೆ, ತನಿಖೆ, ಅರಮನೆಯ ಸಂಚುಗಳನ್ನು ಇತರರಿಗೆ ಬಿಟ್ಟು ಹಾಸ್ಯವನ್ನು ಆರಿಸಿಕೊಂಡೆ. ತನ್ನ ಮೆಚ್ಚಿನವರು ಗೆಲ್ಲಬೇಕೆಂಬುದು ಅಭಿಮಾನಿಯ ಆಸೆ. ಆ ಆಸೆ ವರ್ಷವರ್ಷವೂ ಏಕೆ ಸುಳ್ಳಾಗುತ್ತಿದೆ ಎಂದು ಯೋಚಿಸುತ್ತ ಹೋದಾಗ, ಅದರ ಹಿಂದೆ ಬರಿಯ ರುಚಿಭೇದವಷ್ಟೇ ಇಲ್ಲವೆಂದು ತೋರಿತು. ಹಾಸ್ಯದ ಹೆಸರಿನ ಪ್ರಶಸ್ತಿ ನಗಿಸುವವರ ಕೈತಪ್ಪುತ್ತಿದೆ. ನಿಯಮಾವಳಿಯೇ ಅದಕ್ಕೆ ದಾರಿ ಮಾಡಿಕೊಟ್ಟಿದೆ ಎಂಬುದು ನನ್ನ ವಾದ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಎಮ್ಮಿ' ಎಂದರೆ ಎಮ್ಮೆಯೇ. ಅಮೆರಿಕದ ಎಮ್ಮಿಗೂ ಅದಕ್ಕೂ ಸಂಬಂಧವಿಲ್ಲ. ಎರಡೂ ಹಾಲು ಕೊಡುತ್ತವೆ ಎಂಬುದೊಂದನ್ನು ಬಿಟ್ಟರೆ. ಆ ಕಾಲದ ಟಿ.ವಿ. ಕ್ಯಾಮೆರಾಗಳಲ್ಲಿದ್ದ 'ಇಮೇಜ್ ಆರ್ಥಿಕಾನ್' ಎಂಬ ನಳಿಕೆಯನ್ನು ತಂತ್ರಜ್ಞರು ಮುದ್ದಿನಿಂದ 'ಇಮ್ಮಿ' ಎನ್ನುತ್ತಿದ್ದರು. ರೆಕ್ಕೆಯುಳ್ಳ ಹೆಣ್ಣೊಬ್ಬಳು ಪರಮಾಣುವಿನ ಆಕೃತಿಯನ್ನು ಎತ್ತಿ ಹಿಡಿದಿರುವ ಪುತ್ಥಳಿ ಸಿದ್ಧವಾದಾಗ ಆ ಹೆಸರೇ ಹೆಣ್ಣುಹೆಸರಾಗಿ 'ಎಮ್ಮಿ' ಎಂದಾಯಿತು. ಮೊದಲ ಪ್ರದಾನ 1949ರ ಜನವರಿಯಲ್ಲಿ. ಈಗ ಜೂನ್ ಒಂದರಿಂದ ಮರುವರ್ಷದ ಮೇ 31ರವರೆಗೆ ಪ್ರಸಾರವಾದ ಕಾರ್ಯಕ್ರಮಗಳನ್ನು ಲೆಕ್ಕಕ್ಕೆ ಹಿಡಿದು, ಜುಲೈನಲ್ಲಿ ನಾಮನಿರ್ದೇಶನದ ಪಟ್ಟಿ ಪ್ರಕಟಿಸಿ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಪ್ರಶಸ್ತಿ ಕೊಡುವುದು ರೂಢಿ. ಮತ ಹಾಕುವವರು ಟೆಲಿವಿಷನ್ ಅಕಾಡೆಮಿಯ 25 ಸಾವಿರಕ್ಕೂ ಹೆಚ್ಚು ಸದಸ್ಯರು, ಅಂದರೆ ನಟರು, ಬರಹಗಾರರು, ನಿರ್ದೇಶಕರು, ತಂತ್ರಜ್ಞರು. ನೋಡುಗರಿಗೆ ಇಲ್ಲಿ ಮತವಿಲ್ಲ. ನಮ್ಮ ವೀರ್ ದಾಸ್ 2023ರಲ್ಲಿ ಹಾಸ್ಯ ವಿಭಾಗದಲ್ಲಿ 'ಡೆರಿ ಗರ್ಲ್ಸ್' ಜತೆ ಹಂಚಿಕೊಂಡ ಅಂತರರಾಷ್ಟ್ರೀಯ ಎಮ್ಮಿಯನ್ನು ಕೊಡುವ ಸಂಸ್ಥೆ ಬೇರೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಹಾಲಿನ ಮಾತಿಗೆ ಬರೋಣ. ಕೊಂಡು ಬಳಸಿ ನೋಡುವವರೆಗೆ ಗುಣಮಟ್ಟ ಗೊತ್ತಾಗದ ಸರಕುಗಳ ಮಾರುಕಟ್ಟೆ ಹೇಗೆ ಹಾದಿ ತಪ್ಪುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದರು. ಧಾರಾವಾಹಿಯೂ ಅಂಥದೇ ಸರಕು. ಅಮೆರಿಕದ ಎಫ್‌ಎಕ್ಸ್ ವಾಹಿನಿಯ ಎಣಿಕೆಯಂತೆ 2022ರಲ್ಲಿ ಅಲ್ಲಿ ಪ್ರಸಾರವಾದ, ಕಥೆಯುಳ್ಳ ಮೂಲ ಧಾರಾವಾಹಿಗಳು 599. ದಿನಕ್ಕೊಂದರಂತೆ ಮೊದಲ ಕಂತನ್ನಷ್ಟೇ ನೋಡಿದರೂ ಮುಗಿಯಲು ಒಂದೂವರೆ ವರ್ಷಕ್ಕೂ ಹೆಚ್ಚು ಬೇಕು. ಇಂಥ ಸಂತೆಯಲ್ಲಿ ಪ್ರಶಸ್ತಿಯೇ ಅಗ್‌ಮಾರ್ಕ್ ಮುದ್ರೆ. ಅದು ನೋಡುಗನ ಹುಡುಕಾಟವನ್ನು ತಗ್ಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋಡುಗರ ಸಂಖ್ಯೆ ಕಡಿಮೆಯಿದ್ದರೂ ಒಳ್ಳೆಯ ಸರಕನ್ನು ಕೈಬಿಡದಂತೆ ವಾಹಿನಿಯ ಒಡೆಯನ ಮನವೊಲಿಸುತ್ತದೆ.

ಇದಕ್ಕೆ ಹಳೆಯ ನಿದರ್ಶನ 'ಚಿಯರ್ಸ್'. ಬಾಸ್ಟನ್ ನಗರದ ಪಾನಗೃಹವೊಂದರ ಸುತ್ತ ಹೆಣೆದ ಈ ಧಾರಾವಾಹಿ 1982ರಲ್ಲಿ ಆರಂಭವಾದಾಗ ವೀಕ್ಷಕರ ಲೆಕ್ಕದಲ್ಲಿ ಬಹುತೇಕ ತಳದಲ್ಲಿತ್ತು. 1983ರಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿ ಎಂಬ ಎಮ್ಮಿ ಬಂತು. ವಾಹಿನಿ ಕಾದಿತು. ಮುಂದೆ ಅದು 11 ಸೀಸನ್ ನಡೆದು, 1993ರಲ್ಲಿ ಅಮೆರಿಕದ ಅತ್ಯಂತ ಜನಪ್ರಿಯ ಧಾರಾವಾಹಿಗಳಲ್ಲಿ ಒಂದಾಗಿ ಮುಗಿಯಿತು. ಅದರ ಕವಲಾಗಿ ಹುಟ್ಟಿದ 'ಫ್ರೇಸಿಯರ್' 1994ರಿಂದ 1998ರವರೆಗೆ ಐದು ವರ್ಷ ಸತತವಾಗಿ ಅದೇ ಪ್ರಶಸ್ತಿ ಪಡೆಯಿತು. ಹಾಗೆಂದು ಈ ಮುದ್ರೆ ಎಲ್ಲರನ್ನೂ ಕಾಯುತ್ತದೆಂದಲ್ಲ. 'ಅರೆಸ್ಟೆಡ್ ಡೆವಲಪ್‌ಮೆಂಟ್' 2004ರಲ್ಲಿ ಎಮ್ಮಿ ಗೆದ್ದರೂ 2006ರಲ್ಲಿ ಫಾಕ್ಸ್ ವಾಹಿನಿ ಅದನ್ನು ನಿಲ್ಲಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಆದರೂ ಮುದ್ರೆ ಇಲ್ಲದಿದ್ದರೆ ಆ ಮೂರು ಸೀಸನ್‌ಗಳೂ ದಕ್ಕುತ್ತಿದ್ದವೇ ಎಂಬುದು ಸಂದೇಹ.

ಇಷ್ಟು ಬೆಲೆಯುಳ್ಳ ಮುದ್ರೆಯನ್ನು ಯಾವ ಸರಕಿಗೆ ಒತ್ತಬೇಕೆಂಬುದರಲ್ಲೇ ಗೊಂದಲವಿದೆ. ಹಾಸ್ಯವೆಂದರೇನು ಎಂದು ಅಕಾಡೆಮಿ ಎಂದೂ ವ್ಯಾಖ್ಯಾನಿಸುವ ಗೋಜಿಗೆ ಹೋಗಲಿಲ್ಲ. ಗಡಿಯಾರ ನೋಡಿ ತೀರ್ಮಾನಿಸಿತು. 2015ರಲ್ಲಿ ತಂದ ನಿಯಮದಂತೆ ಅರ್ಧ ಗಂಟೆಯದು ಹಾಸ್ಯ, ಒಂದು ಗಂಟೆಯದು ಗಂಭೀರ ನಾಟಕ; ಬೇರೆ ವಿಭಾಗ ಬೇಕೆನ್ನುವವರು ಅರ್ಜಿ ಹಾಕಿಕೊಳ್ಳಬೇಕು. ಸರ್ಕಾರಿ ಆದೇಶಗಳನ್ನು ಓದಿ ಪಳಗಿದವರಿಗೆ ಇಂಥ ನಿಯಮದ ಸುಖ ಗೊತ್ತು: ಯಾರೂ ವಿವೇಚನೆ ಬಳಸಬೇಕಿಲ್ಲ. ಅದರ ಫಲ ವಿಚಿತ್ರವಾಗಿತ್ತು. ಹೆಂಗಸರ ಸೆರೆಮನೆಯ ಕಥೆಯಾದ 'ಆರೆಂಜ್ ಈಸ್ ದಿ ನ್ಯೂ ಬ್ಲ್ಯಾಕ್' 2014ರಲ್ಲಿ ಹಾಸ್ಯವಾಗಿತ್ತು, 2015ರಲ್ಲಿ ಗಂಭೀರ ನಾಟಕವಾಯಿತು. ಅದರಲ್ಲಿ ಕೈದಿಯ ಪಾತ್ರ ವಹಿಸಿದ ಉಜೊ ಅಡುಬಾ ಅದೇ ಪಾತ್ರಕ್ಕಾಗಿ ಮೊದಲ ವರ್ಷ ಹಾಸ್ಯದಲ್ಲಿಯೂ ಮರುವರ್ಷ ಗಂಭೀರ ನಾಟಕದಲ್ಲಿಯೂ ಎಮ್ಮಿ ಪಡೆದರು. ಪಾತ್ರ ಬದಲಾಗಿರಲಿಲ್ಲ, ಕಡತದ ಶೀರ್ಷಿಕೆ ಬದಲಾಗಿತ್ತು.

2021ರ ಕೊನೆಯಲ್ಲಿ ಅಕಾಡೆಮಿ ಆ ಗಡಿಯಾರವನ್ನೂ ಕೆಳಗಿಳಿಸಿತು. ಯಾವ ವಿಭಾಗದಲ್ಲಿ ಸ್ಪರ್ಧಿಸಬೇಕೆಂಬುದನ್ನು ನಿರ್ಮಾಪಕರೇ ಆರಿಸಿಕೊಳ್ಳಬಹುದೆಂದಿತು. ಯಾವ ತೆರಿಗೆ ದರ ಬೇಕೆಂದು ತೆರಿಗೆದಾರನನ್ನೇ ಕೇಳಿದ ಹಾಗೆ. ಸಹಜವಾಗಿ ನಿರ್ಮಾಪಕ ಎಲ್ಲಿ ಪೈಪೋಟಿ ಹಗುರವೋ ಅಲ್ಲಿಗೆ ಹೋಗುತ್ತಾನೆ. ಗಂಭೀರ ನಾಟಕಗಳ ವಿಭಾಗದಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದು ತೆಗೆದ ರಾಜವಂಶಗಳ ಕಾಳಗ, ಯಂತ್ರಮಾನವರ ಲೋಕ ಎಲ್ಲವೂ ಇರುತ್ತವೆ. ಹಾಸ್ಯದ ಅಂಗಳ ಅದಕ್ಕಿಂತ ಚಿಕ್ಕದು.

ಆ ಅಂಗಳಕ್ಕೆ ಬಂದದ್ದು 'ದಿ ಬೇರ್'. ಶಿಕಾಗೋ ನಗರದ ಸಣ್ಣ ಖಾನಾವಳಿಯೊಂದನ್ನು ಆತ್ಮಹತ್ಯೆ ಮಾಡಿಕೊಂಡ ಅಣ್ಣನಿಂದ ಪಡೆದ ಬಾಣಸಿಗನ ಕಥೆ ಅದು. ಸಾಲ, ಶೋಕ, ಕುಡಿತದ ಚಟವುಳ್ಳ ತಾಯಿ, ಒಲೆಯ ಮುಂದಿನ ಕಿರುಚಾಟ. ನಾನು ಅದನ್ನು ಬಿಡದೆ ನೋಡಿದ್ದೇನೆ, ಮೆಚ್ಚಿದ್ದೇನೆ. ಕೆಲಸದ ಒತ್ತಡ ಮನುಷ್ಯನನ್ನು ಏನು ಮಾಡುತ್ತದೆಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಧಾರಾವಾಹಿಗಳು ವಿರಳ. ಆದರೆ ನಕ್ಕದ್ದು ನೆನಪಿಲ್ಲ. ಲೇಖಕರ ಮತ್ತು ನಟರ ಮುಷ್ಕರದಿಂದಾಗಿ 2024ರ ಜನವರಿಗೆ ಮುಂದೂಡಲ್ಪಟ್ಟ ಪ್ರದಾನದಲ್ಲಿ ಅದು ಅತ್ಯುತ್ತಮ ಹಾಸ್ಯ ಧಾರಾವಾಹಿ ಎನಿಸಿ 10 ಎಮ್ಮಿ ಪಡೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 23 ನಾಮನಿರ್ದೇಶನಗಳೊಡನೆ ಬಂದು 11 ಪಡೆಯಿತು. ಆ ರಾತ್ರಿ ನಿರೂಪಕರಾಗಿದ್ದ ಯೂಜೀನ್ ಲೆವಿ ಮತ್ತು ಡ್ಯಾನ್ ಲೆವಿ, ಅಪ್ಪ-ಮಗ, ವೇದಿಕೆಯ ಮೇಲೆಯೇ ಇದನ್ನು ಲೇವಡಿ ಮಾಡಿದರು. ಮತ ಹಾಕಿದವರೇ ಕುಳಿತಿದ್ದ ಸಭೆ ನಕ್ಕಿತು. ಬಹುಶಃ ಅದೇ ಕಾರಣಕ್ಕೆ ಆ ವರ್ಷದ ಮುಖ್ಯ ಪ್ರಶಸ್ತಿ ಮಾತ್ರ 'ಹ್ಯಾಕ್ಸ್' ಪಾಲಾಯಿತು. ಅದು ವಯಸ್ಸಾದ ಹಾಸ್ಯಗಾರ್ತಿ ಮತ್ತು ಅವಳ ತರುಣ ಬರಹಗಾರ್ತಿಯ ಜಗಳದ ಕಥೆ, ನಿಜಕ್ಕೂ ನಗಿಸುವಂಥದು.

ಹಾಸ್ಯದಲ್ಲಿ ದುಃಖಕ್ಕೆ ಎಡೆಯಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಇದೆ. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದರಲ್ಲಿ ನಡೆಯುವ 'ಮ್ಯಾಶ್' 1972ರಿಂದ 1983ರವರೆಗೆ ಅಮೆರಿಕನ್ನರನ್ನು ನಗಿಸಿತು, ಅಳಿಸಿತು. ಆ ಕಾಲದಲ್ಲಿ ಹಾಸ್ಯ ಧಾರಾವಾಹಿಗಳಿಗೆ ಮುದ್ರಿತ ನಗೆಯನ್ನು ಸೇರಿಸುವ ಪದ್ಧತಿಯಿತ್ತು; ಶಸ್ತ್ರಚಿಕಿತ್ಸೆಯ ದೃಶ್ಯಗಳಲ್ಲಿ ಮಾತ್ರ ಆ ನಗೆ ಬೇಡವೆಂದು ನಿರ್ಮಾಪಕರು ಹಟ ಹಿಡಿದು ಗೆದ್ದರು. ಅಲ್ಲಿಯ ವೈದ್ಯರು ಗಾಯಾಳುಗಳ ನಡುವೆ ನಿಂತು ಹಾಸ್ಯ ಮಾಡುವುದು ಹುಚ್ಚು ಹಿಡಿಯದಿರಲೆಂದು. ಆ ನಗೆಯನ್ನು ತೆಗೆದರೆ 'ಮ್ಯಾಶ್' ಕುಸಿಯುತ್ತದೆ. 'ದಿ ಬೇರ್'ನಲ್ಲಿ ಅಲ್ಲೊಂದು ಇಲ್ಲೊಂದು ಇರುವ ಚಟಾಕಿಯನ್ನು ತೆಗೆದರೂ ಕಥೆ ನೆಟ್ಟಗೆ ನಿಲ್ಲುತ್ತದೆ. ನಗೆಯನ್ನು ಕಳೆದ ಮೇಲೆ ಉಳಿಯುವುದೇನು? ವಿಭಾಗ ನಿರ್ಧರಿಸಲು ಇದಕ್ಕಿಂತ ಸರಳವಾದ ಒರೆಗಲ್ಲು ನನಗೆ ಹೊಳೆಯುತ್ತಿಲ್ಲ. ಅಕಾಡೆಮಿಗೆ ಬೇಕೆಂದರೆ ಎರಡರ ನಡುವಿನ ಬರಹಕ್ಕೆ ಮೂರನೆಯದೊಂದು ವಿಭಾಗ ತೆರೆಯಲಿ. ಹೊಸ ಲೆಕ್ಕ ಶೀರ್ಷಿಕೆ ತೆರೆಯುವುದು ಅಸಾಧ್ಯದ ಕೆಲಸವೇನಲ್ಲ.

ಇದರಿಂದ ನಷ್ಟ ಯಾರಿಗೆ ಎಂಬುದಕ್ಕೆ ಒಂದು ಹೆಸರು ಸಾಕು: ಜನೆಲ್ ಜೇಮ್ಸ್. 'ಅಬಟ್ ಎಲಿಮೆಂಟರಿ'ಯ ಮುಖ್ಯೋಪಾಧ್ಯಾಯಿನಿ ಏವಾ ಕೋಲ್ಮನ್ ಪಾತ್ರಧಾರಿ. ಮೇಲಧಿಕಾರಿಯ ಗುಟ್ಟೊಂದನ್ನು ಹಿಡಿದು ಬೆದರಿಸಿ ಆ ಹುದ್ದೆಗೆ ಬಂದವಳು. ಶಿಕ್ಷಣದ ಗಂಧವಿಲ್ಲ, ಆತ್ಮವಿಶ್ವಾಸಕ್ಕೆ ಕೊರತೆಯಿಲ್ಲ. ಇಂಥ ಪಾತ್ರ ಸುಲಭವಾಗಿ ಅಸಹ್ಯ ಹುಟ್ಟಿಸಬಹುದಿತ್ತು. ಜೇಮ್ಸ್ ಅದನ್ನು ಹುಬ್ಬೇರಿಸುವ ಒಂದು ನೋಟದಲ್ಲಿ, ಮಾತು ಮುಗಿಯುವ ಮೊದಲೇ ಬೆನ್ನು ತಿರುಗಿಸಿ ಹೋಗುವ ನಡಿಗೆಯಲ್ಲಿ ನಗೆಯ ಬುಗ್ಗೆಯಾಗಿಸುತ್ತಾರೆ. ಪೋಷಕ ನಟಿಯ ವಿಭಾಗದಲ್ಲಿ 2022ರಲ್ಲಿ ಅವರು ತಮ್ಮ ಸಹನಟಿಗೇ ಸೋತರು, ಅದರಲ್ಲಿ ದುಃಖವಿಲ್ಲ. ಮುಂದಿನ ಎರಡು ಪ್ರದಾನಗಳಲ್ಲೂ ಸೋತದ್ದು 'ದಿ ಬೇರ್'ನ ನಟಿಯರಿಗೆ: ಮೊದಲು ಆಯೋ ಎಡೆಬಿರಿ, ಆಮೇಲೆ ಲೀಝಾ ಕೊಲೊನ್-ಜಾಯಸ್. ಇಬ್ಬರೂ ಸಮರ್ಥರೇ. ಆದರೆ ಓಟದ ಸ್ಪರ್ಧೆಯಲ್ಲಿ ಈಜುಗಾರರಿಗೆ ಪದಕ ಕೊಟ್ಟರೆ ಓಡಿದವರು ಏನು ಮಾಡಬೇಕು?

ನನ್ನ ಒಲವು ಕಚೇರಿಗಳ ಕಥೆಯತ್ತ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಆಡಳಿತದಲ್ಲಿ ಮೂರು ದಶಕ ಕಳೆದವನಿಗೆ ಅದು ಸ್ವಾಭಾವಿಕ. ಈ ಬಗೆಯ ಹಾಸ್ಯಕ್ಕೆ ಮೂಲಪುರುಷ ಬ್ರಿಟನ್ನಿನ ಬಿಬಿಸಿಯ 'ಯೆಸ್ ಮಿನಿಸ್ಟರ್'. 1980ರಲ್ಲಿ ಆರಂಭವಾಗಿ, 'ಯೆಸ್, ಪ್ರೈಮ್ ಮಿನಿಸ್ಟರ್' ಆಗಿ ಬೆಳೆದು 1988ರಲ್ಲಿ ಮುಗಿಯಿತು. ನಮ್ಮಲ್ಲಿ 2001ರಲ್ಲಿ ಸ್ಟಾರ್ ಪ್ಲಸ್ ವಾಹಿನಿ ಅದನ್ನು ಫಾರೂಕ್ ಶೇಖ್ ಅಭಿನಯದ 'ಜೀ ಮಂತ್ರೀಜೀ'ಯಾಗಿ ಹಿಂದಿಗೆ ತಂದಿತ್ತು. ಮಂತ್ರಿಯಾಗಿ ಪಾಲ್ ಎಡಿಂಗ್ಟನ್, ಅವರ ಕಾರ್ಯದರ್ಶಿ ಸರ್ ಹಂಫ್ರಿಯಾಗಿ ನೈಜೆಲ್ ಹಾಥಾರ್ನ್. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗೆ ಇಬ್ಬರೂ ನಾಲ್ಕು ಬಾರಿ ಒಟ್ಟಿಗೆ ನಾಮನಿರ್ದೇಶನಗೊಂಡರು. ನಾಲ್ಕು ಬಾರಿಯೂ ಗೆದ್ದವರು ಹಾಥಾರ್ನ್. ಪರದೆಯ ಮೇಲಷ್ಟೇ ಅಲ್ಲ, ಪ್ರಶಸ್ತಿಯ ವೇದಿಕೆಯಲ್ಲೂ ಮಂತ್ರಿಯನ್ನು ಕಾರ್ಯದರ್ಶಿಯೇ ಸೋಲಿಸಿದ!

ಅಮೆರಿಕದಲ್ಲಿ ಇದೇ ಕುಲಕ್ಕೆ ಸೇರಿದ್ದು 'ಪಾರ್ಕ್ಸ್ ಅಂಡ್ ರಿಕ್ರಿಯೇಷನ್'. 2009ರಿಂದ 2015ರವರೆಗೆ ಏಳು ಸೀಸನ್. ಇಂಡಿಯಾನಾ ರಾಜ್ಯದ ಪಾನೀ ಎಂಬ ಕಾಲ್ಪನಿಕ ಊರಿನ ಉದ್ಯಾನ ಇಲಾಖೆ. ಅಲ್ಲಿನ ಉಪ ನಿರ್ದೇಶಕಿ ಲೆಸ್ಲಿ ನೋಪ್‌ಗೆ ಸರ್ಕಾರದಿಂದ ಎಲ್ಲವೂ ಸಾಧ್ಯವೆಂಬ ನಂಬಿಕೆ. ಅವಳ ಮೇಲಧಿಕಾರಿ ರಾನ್ ಸ್ವಾನ್ಸನ್‌ಗೆ ಸರ್ಕಾರವೇ ಇರಬಾರದೆಂಬ ನಂಬಿಕೆ. ಮೊದಲ ಕಂತಿನಲ್ಲೇ ಊರಿನವರ ಅಹವಾಲು ಸಭೆ. ಖಾಲಿ ನಿವೇಶನದಲ್ಲಿರುವ ಹೊಂಡಕ್ಕೆ ತನ್ನ ಗೆಳೆಯ ಬಿದ್ದು ಕಾಲು ಮುರಿದುಕೊಂಡನೆಂದು ನರ್ಸ್ ಒಬ್ಬಳು ದೂರುತ್ತಾಳೆ. ಆ ಹೊಂಡವನ್ನು ಮುಚ್ಚಿ ಉದ್ಯಾನ ಮಾಡುವೆನೆಂದು ಲೆಸ್ಲಿ ಮಾತು ಕೊಡುತ್ತಾಳೆ. ಹೊಂಡ ಮುಚ್ಚುವುದಕ್ಕೇ ಎಷ್ಟು ಕಂತುಗಳು ಬೇಕಾದವೆಂಬುದು ಕಾಮಗಾರಿಗಳ ಅನುಮೋದನೆ ಕಂಡವರಿಗೆ ಆಶ್ಚರ್ಯ ತರದು. ನಡುವೆ ಖಜಾನೆ ಬರಿದಾಗಿ ರಾಜ್ಯದ ಲೆಕ್ಕಪರಿಶೋಧಕರು ಬರುತ್ತಾರೆ, ಕಚೇರಿಗೇ ಬೀಗ ಬೀಳುತ್ತದೆ. ಸಭೆಗಳಲ್ಲಿ ಜನ ಎದ್ದು ನಿಂತು ಕೂಗುವ ಅಸಂಬದ್ಧ ದೂರುಗಳನ್ನು ಲೆಸ್ಲಿ 'ಇವರು ನನ್ನ ಮೇಲೆ ಅಕ್ಕರೆಯಿಂದ ರೇಗುತ್ತಿದ್ದಾರೆ' ಎಂಬ ಭಾವದಲ್ಲಿ ಕೇಳಿಸಿಕೊಳ್ಳುತ್ತಾಳೆ. ತಾಲ್ಲೂಕು ಮಟ್ಟದ ಜನಸಂಪರ್ಕ ಸಭೆಗಳಿಗೆ ಹೋಗುವ ಮುನ್ನ ಹೊಸ ಅಧಿಕಾರಿಗಳಿಗೆ ಆ ದೃಶ್ಯಗಳನ್ನು ತೋರಿಸಬೇಕು.

ಈ ಧಾರಾವಾಹಿಗೆ ಬಂದ ಎಮ್ಮಿ ನಾಮನಿರ್ದೇಶನಗಳು 14. ಬಂದ ಪ್ರಶಸ್ತಿ ಒಂದೂ ಇಲ್ಲ. ಲೆಸ್ಲಿಯಾಗಿ ನಟಿಸಿದ ಏಮಿ ಪೋಲರ್ ಆರು ಬಾರಿ ನಾಮನಿರ್ದೇಶನಗೊಂಡು ಆರು ಬಾರಿ ಸೋತರು. ಸೋಲಿನಲ್ಲೂ ಅವರು ನಗಿಸಿದರು: 2011ರಲ್ಲಿ ತಮ್ಮ ಹೆಸರು ಕೂಗುತ್ತಿದ್ದಂತೆ, ಇನ್ನೂ ಫಲಿತಾಂಶವೇ ಬಂದಿರದಾಗ, ಗೆದ್ದವರಂತೆ ವೇದಿಕೆಗೆ ಓಡಿದರು. ಉಳಿದ ಸ್ಪರ್ಧಿಗಳೂ ಒಬ್ಬೊಬ್ಬರಾಗಿ ಹಿಂದೆಯೇ ಹೋಗಿ, ಸೌಂದರ್ಯ ಸ್ಪರ್ಧೆಯಂತೆ ಕೈಕೈ ಹಿಡಿದು ನಿಂತರು. ಗೆದ್ದ ಮೆಲಿಸ್ಸಾ ಮೆಕಾರ್ಥಿಗೆ ಕಿರೀಟವನ್ನೂ ಹೂಗುಚ್ಛವನ್ನೂ ಕೊಡಲಾಯಿತು. ಇನ್ನು ರಾನ್ ಸ್ವಾನ್ಸನ್ ಪಾತ್ರದ ನಿಕ್ ಆಫರ್ಮನ್‌ಗೆ ಏಳು ಸೀಸನ್‌ಗಳಲ್ಲಿ ಒಮ್ಮೆಯೂ ನಾಮನಿರ್ದೇಶನ ಸಿಗಲಿಲ್ಲ. ಮುಂದೆ 'ದಿ ಲಾಸ್ಟ್ ಆಫ್ ಅಸ್' ಎಂಬ ಗಂಭೀರ ಕಥೆಯ ಒಂದೇ ಕಂತಿನ ಅಭಿನಯಕ್ಕೆ ಅವರಿಗೆ ಎಮ್ಮಿ ಬಂತು. ಅಳಿಸಿದವನಿಗೆ ಒಂದು ಕಂತು ಸಾಕಾಯಿತು. ನಗಿಸಿದವನಿಗೆ ನೂರಿಪ್ಪತ್ತಕ್ಕೂ ಹೆಚ್ಚು ಕಂತು ಸಾಲಲಿಲ್ಲ. 'ದಿ ಆಫೀಸ್'ನ ಸ್ಟೀವ್ ಕ್ಯಾರೆಲ್ ಅವರದೂ ಇದೇ ಪಾಡು. ಧಾರಾವಾಹಿಗೆ 2006ರಲ್ಲಿ ಪ್ರಶಸ್ತಿ ಬಂತು, ಅದನ್ನು ಹೊತ್ತು ನಡೆಸಿದ ನಟನಿಗೆ ಆರು ನಾಮನಿರ್ದೇಶನಗಳ ನಂತರವೂ ಬರಲಿಲ್ಲ.

ಈಗ ನನ್ನ ಮೆಚ್ಚಿನ ಶಾಲೆಗೆ ಬರುತ್ತೇನೆ. 'ಅಬಟ್ ಎಲಿಮೆಂಟರಿ' 2021ರ ಡಿಸೆಂಬರ್‌ನಲ್ಲಿ ಎಬಿಸಿ ವಾಹಿನಿಯಲ್ಲಿ ಆರಂಭವಾಯಿತು. ಅದರ ಕರ್ತೃ ಮತ್ತು ನಾಯಕಿ ಕ್ವಿಂಟಾ ಬ್ರನ್ಸನ್. ಅವರ ತಾಯಿ ಫಿಲಡೆಲ್ಫಿಯಾದಲ್ಲಿ ದಶಕಗಳ ಕಾಲ ಚಿಕ್ಕ ಮಕ್ಕಳ ಶಿಕ್ಷಕಿಯಾಗಿದ್ದವರು. ಶಾಲೆಗೆ ಇಟ್ಟ ಹೆಸರು ಬ್ರನ್ಸನ್ ಅವರಿಗೆ ಪಾಠ ಹೇಳಿದ ಶಿಕ್ಷಕಿಯೊಬ್ಬರದು. ಸಾಕ್ಷ್ಯಚಿತ್ರದವರು ಬಂದು ಚಿತ್ರೀಕರಿಸುತ್ತಿರುವಂತೆ ಕಥೆ ಸಾಗುತ್ತದೆ. ಮೊದಲ ಕಂತಿನ ಸಮಸ್ಯೆ ಒಂದು ನೆಲಹಾಸು. ಎರಡನೆಯ ತರಗತಿಯ ಶಿಕ್ಷಕಿ ಜನೀನ್‌ಗೆ ಮಕ್ಕಳು ಕೂರುವ ಹಾಸು ಹಾಳಾಗಿ ಹೊಸದು ಬೇಕಾಗಿದೆ. ಸಿಕ್ಕ ಹಣವನ್ನು ಮುಖ್ಯೋಪಾಧ್ಯಾಯಿನಿ ಏವಾ ಶಾಲೆಯ ಹೊಸ ನಾಮಫಲಕಕ್ಕೆ, ಅದೂ ತನ್ನ ಮುಖವಿರುವ ಫಲಕಕ್ಕೆ, ಖರ್ಚು ಮಾಡಿಬಿಟ್ಟಿದ್ದಾಳೆ. ಕಡೆಗೆ ಹಿರಿಯ ಶಿಕ್ಷಕಿಯೊಬ್ಬಳು ತನ್ನ ಪರಿಚಯದ ಬಲದಿಂದ ನೆಲಹಾಸುಗಳನ್ನು ತರಿಸುತ್ತಾಳೆ. ಇದನ್ನು ನೋಡಿ ನಗದ ಕ್ಷೇತ್ರ ಶಿಕ್ಷಣಾಧಿಕಾರಿ ಕರ್ನಾಟಕದಲ್ಲಿ ಇರಲಾರ.

ಎರಡನೆಯ ಕಂತಿನಲ್ಲಿ ಮಿಣುಕುವ ದೀಪ. ರಿಪೇರಿಯ ಬೇಡಿಕೆಗೆ ಉತ್ತರ ಬಾರದೆ ಜನೀನ್ ತಾನೇ ಏಣಿ ಹತ್ತುತ್ತಾಳೆ, ಶಾಲೆಗೆ ಶಾಲೆಯೇ ಕತ್ತಲಾಗುತ್ತದೆ. ಇನ್ನೊಂದು ಕಂತಿನಲ್ಲಿ ಮಕ್ಕಳಿಗೆ ಹಣ್ಣಿನ ರಸ ಹೆಚ್ಚು ಕೊಡಿಸಲು ಹೋರಾಡಿ ಗೆಲ್ಲುತ್ತಾಳೆ. ಹೆಚ್ಚು ಕುಡಿದ ಮಕ್ಕಳು ಹೆಚ್ಚು ಸಲ ಶೌಚಾಲಯಕ್ಕೆ ಹೋಗಿ, ಹಳೆಯ ಕೊಳವೆಗಳು ಕೈಕೊಡುತ್ತವೆ. ಒಂದು ಒಳ್ಳೆಯ ನಿರ್ಧಾರ ಶಿಥಿಲ ವ್ಯವಸ್ಥೆಯಲ್ಲಿ ಯಾವ ದಾರಿ ಹಿಡಿಯುತ್ತದೆಂಬುದನ್ನು ಸಾರ್ವಜನಿಕ ಹಣಕಾಸಿನ ಪಠ್ಯಗಳು ಇಷ್ಟು ಸ್ಪಷ್ಟವಾಗಿ ಹೇಳಿಕೊಡುವುದಿಲ್ಲ. ಎರಡನೆಯ ಸೀಸನ್‌ನ ಎಳೆ ಇನ್ನೂ ಗಂಭೀರ: ಸರ್ಕಾರದ ಹಣದಲ್ಲಿ ಖಾಸಗಿಯವರು ನಡೆಸುವ ಚಾರ್ಟರ್ ಶಾಲೆಗಳ ಸಂಸ್ಥೆಯೊಂದು ಅಬಟ್ ಶಾಲೆಯನ್ನು ನುಂಗಲು ಬರುತ್ತದೆ. ಅವರಲ್ಲಿ ಹೊಸ ಕಟ್ಟಡವಿದೆ, ಸಲಕರಣೆಯಿದೆ. ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಹೊರಗೆ ಕಳಿಸುವ ಅನುಕೂಲವೂ ಇದೆ. ಅಬಟ್‌ನಲ್ಲಿ ಬಂದ ಮಗುವನ್ನೆಲ್ಲ ಸೇರಿಸಿಕೊಳ್ಳಲೇಬೇಕು. ಇಷ್ಟೆಲ್ಲ ಹೇಳುವಾಗಲೂ ಧಾರಾವಾಹಿ ಭಾಷಣಕ್ಕಿಳಿಯುವುದಿಲ್ಲ. ನಿಮಿಷಕ್ಕೆ ಎರಡು ಸಲ ನಗಿಸುತ್ತಲೇ ಇರುತ್ತದೆ.

ಅದಕ್ಕೆ ಏನೂ ಸಿಕ್ಕಿಲ್ಲವೆಂದಲ್ಲ. 2022ರಲ್ಲಿ ಮೊದಲ ಕಂತಿನ ಬರವಣಿಗೆಗೆ ಬ್ರನ್ಸನ್ ಎಮ್ಮಿ ಪಡೆದರು. ಹಿರಿಯ ಶಿಕ್ಷಕಿ ಬಾರ್ಬರಾ ಪಾತ್ರಕ್ಕೆ ಶೆರಿಲ್ ಲೀ ರಾಲ್ಫ್ ಪೋಷಕ ನಟಿಯಾಗಿ ಗೆದ್ದು, ವೇದಿಕೆಯಲ್ಲಿ ಮಾತಿಗೆ ಮೊದಲು ಹಾಡಿದರು. 1987ರ ನಂತರ ಆ ವಿಭಾಗದಲ್ಲಿ ಕಪ್ಪು ಮಹಿಳೆಯೊಬ್ಬರು ಗೆದ್ದದ್ದು ಅದ�ೇ ಮೊದಲು. 2024ರ ಜನವರಿಯಲ್ಲಿ ಬ್ರನ್ಸನ್ ಹಾಸ್ಯ ವಿಭಾಗದ ಅತ್ಯುತ್ತಮ ನಟಿಯಾದರು. 1981ರಲ್ಲಿ ಇಸಬೆಲ್ ಸ್ಯಾನ್‌ಫರ್ಡ್ ಪಡೆದ ಮೇಲೆ ಆ ಗೌರವ ಪಡೆದ ಎರಡನೆಯ ಕಪ್ಪು ಮಹಿಳೆ ಅವರು. ಪ್ರಚಾರಕ್ಕೆಂದು ವಾಹಿನಿ ಮೀಸಲಿಟ್ಟ ಹಣದ ಒಂದು ಭಾಗವನ್ನು ಶಿಕ್ಷಕರಿಗೆ ಬೋಧನಾ ಸಾಮಗ್ರಿ ಒದಗಿಸಲು ತಿರುಗಿಸಿದ್ದೂ ಇದೇ ತಂಡ. ಆದರೆ ಧಾರಾವಾಹಿಗೇ ಸಲ್ಲುವ ಪ್ರಶಸ್ತಿ ಮಾತ್ರ 'ಟೆಡ್ ಲಾಸೊ', 'ದಿ ಬೇರ್', 'ಹ್ಯಾಕ್ಸ್', 'ದಿ ಸ್ಟುಡಿಯೋ' ಎಂದು ನಾಲ್ಕು ದಿಕ್ಕಿಗೆ ಹೋಯಿತು.

ಇದಕ್ಕೆ ವಿಭಾಗದ ಗೊಂದಲವೊಂದೇ ಕಾರಣವಲ್ಲ. ಉದ್ಯಮಕ್ಕೆ ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುವ ಚಪಲವಿದೆ. 2007ರಿಂದ ಮೂರು ವರ್ಷ ಗೆದ್ದ '30 ರಾಕ್' ಟಿ.ವಿ. ಕಾರ್ಯಕ್ರಮವೊಂದರ ಕಥೆ, 2018ರ 'ದಿ ಮಾರ್ವಲಸ್ ಮಿಸೆಸ್ ಮೇಸೆಲ್' ಹಾಸ್ಯಗಾರ್ತಿಯ ಕಥೆ, 'ಹ್ಯಾಕ್ಸ್' ಮತ್ತು 'ದಿ ಸ್ಟುಡಿಯೋ' ಬಗ್ಗೆ ಹೇಳಿಯಾಯಿತು. ಮತದಾರ ತನ್ನ ಬೀದಿಯವನಿಗೆ ಮತ ಹಾಕುತ್ತಾನೆ. ಫಿಲಡೆಲ್ಫಿಯಾದ ಶಾಲೆ ಆ ಬೀದಿಯಲ್ಲಿಲ್ಲ. ಮತ್ತೊಂದು ಕಾರಣ ಉತ್ಪಾದನೆಯ ಲೆಕ್ಕ. ಚಂದಾದಾರರ ಹಣದಿಂದ ನಡೆಯುವ ಇಂಟರ್ನೆಟ್ ವೇದಿಕೆಗಳು ಸೀಸನ್‌ಗೆ ಎಂಟೋ ಹತ್ತೋ ಕಂತು ತಯಾರಿಸಿ ನಯಗೊಳಿಸುತ್ತವೆ. ಜಾಹೀರಾತು ನಂಬಿದ ಹಳೆಯ ವಾಹಿನಿಗೆ ವಾರ ತಪ್ಪದೆ ಸರಕು ಬೇಕು. ಅಬಟ್ ತನ್ನ ಎರಡನೆಯ ಸೀಸನ್‌ನಲ್ಲಿ ಕೊಟ್ಟದ್ದು 22 ಕಂತು. ಹತ್ತು ಜನರಿಗೆ ಅಡುಗೆ ಮಾಡುವವರಿಗೂ ನಿತ್ಯ ನೂರು ಎಲೆ ಹಾಕುವವರಿಗೂ ಒಂದೇ ತಕ್ಕಡಿ. ಹಳೆಯ ವಾಹಿನಿಯ ಹಾಸ್ಯ ಧಾರಾವಾಹಿಯೊಂದು ಕೊನೆಯದಾಗಿ ಗೆದ್ದದ್ದು 2014ರಲ್ಲಿ, 'ಮಾಡರ್ನ್ ಫ್ಯಾಮಿಲಿ'ಯ ಸತತ ಐದನೆಯ ಜಯ. ಅಲ್ಲಿಂದ 2025ರವರೆಗೆ ಒಂದೂ ಇಲ್ಲ. ಚಂದಾ ಕೊಡಲಾಗದ ಮನೆಗೂ ಆಂಟೆನಾ ಮೂಲಕ ಉಚಿತವಾಗಿ ತಲುಪುವುದು ಈ ಹಳೆಯ ವಾಹಿನಿಗಳೇ. ಅಲ್ಲಿಯ ಹಾಸ್ಯಕ್ಕೆ ಮುದ್ರೆ ಒತ್ತುವುದನ್ನೇ ನಿಲ್ಲಿಸಿದರೆ ವಾಹಿನಿಯ ಒಡೆಯ ಬರಹಗಾರರ ಕೋಣೆ ನಡೆಸುವ ಬದಲು ಅಗ್ಗದ ಸ್ಪರ್ಧಾ ಕಾರ್ಯಕ್ರಮಗಳತ್ತ ವಾಲುತ್ತಾನೆ. ಅಬಟ್ ಶಾಲೆಯ ಮಕ್ಕಳಂಥವರ ಮನೆಗಳಲ್ಲಿ ಅಬಟ್ ಶಾಲೆಯ ಕಥೆ ಕಾಣಿಸದಾಗುತ್ತದೆ.

ಇಷ್ಟಾಗಿಯೂ ಆಸೆ ಬಿಟ್ಟಿಲ್ಲ. ಈ ಪ್ರಶಸ್ತಿಗೆ ತಡವಾಗಿ ಕಣ್ತೆರೆಯುವ ಅಭ್ಯಾಸವೂ ಇದೆ. ನ್ಯೂಯಾರ್ಕ್‌ನ ಪೊಲೀಸ್ ಠಾಣೆಯೊಂದರ ಕಥೆಯಾದ 'ಬಾರ್ನಿ ಮಿಲ್ಲರ್' ವರ್ಷಗಟ್ಟಲೆ ಕಾದು, ಕೊನೆಯ ಸೀಸನ್‌ಗಾಗಿ 1982ರಲ್ಲಿ ಗೆದ್ದಿತು. ಅಷ್ಟರಲ್ಲಿ ಠಾಣೆಗೆ ಬೀಗ ಬಿದ್ದಿತ್ತು. ಕೆನಡಾದ 'ಶಿಟ್ಸ್ ಕ್ರೀಕ್' 2015ರಲ್ಲಿ ಶುರುವಾದರೂ ನಾಲ್ಕು ವರ್ಷ ಅಕಾಡೆಮಿಯ ಕಣ್ಣಿಗೆ ಬೀಳಲಿಲ್ಲ. ಕೊರೊನಾ ಕಾಲದ 2020ರ ಪ್ರದಾನದಲ್ಲಿ ಅದರ ಕೊನೆಯ ಸೀಸನ್ ಹಾಸ್ಯದ ಏಳು ಮುಖ್ಯ ಪ್ರಶಸ್ತಿಗಳನ್ನೂ ಒಂದೂ ಬಿಡದೆ ಗೆದ್ದಿತು.

'ದಿ ಸ್ಟುಡಿಯೋ' ಎಲ್ಲವನ್ನೂ ಬಾಚಿಕೊಂಡ 2025ರ ಆ ರಾತ್ರಿಯೂ ಒಂದು ಹೆಸರು ಮತಪೆಟ್ಟಿಗೆಯಿಂದ ಅಚ್ಚರಿಯಂತೆ ಹೊರಬಂತು. ಕ್ಯಾನ್ಸಸ್ ರಾಜ್ಯದ ಸಣ್ಣ ಊರಿನ ಸಾಮಾನ್ಯರ ಕಥೆ ಹೇಳಿದ 'ಸಮ್‌ಬಡಿ ಸಮ್‌ವೇರ್' ಕಡಿಮೆ ಜನ ನೋಡಿದ ಧಾರಾವಾಹಿ. ಮೂರು ಸೀಸನ್ ನಡೆದು 2024ರಲ್ಲಿ ಮುಗಿದಿತ್ತು. ಅದರ ಜೆಫ್ ಹಿಲ್ಲರ್‌ಗೆ ಮೊದಲ ನಾಮನಿರ್ದೇಶನ ಬಂದದ್ದೇ ಧಾರಾವಾಹಿ ನಿಂತ ಮೇಲೆ. ದೊಡ್ಡ ತಾರೆಗಳ ನಡುವೆ ಅತ್ಯುತ್ತಮ ಪೋಷಕ ನಟನೆಂದು ತನ್ನ ಹೆಸರು ಕೇಳಿದಾಗ ಅವರ ಮುಖದಲ್ಲಿ ಕಂಡದ್ದು ನಟನೆಯಲ್ಲ. ಅಬಟ್‌ನ ಐದನೆಯ ಸೀಸನ್ ಆ ಬಳಿಕ, 2025ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಬ್ರನ್ಸನ್ ಮನೆಯಲ್ಲಿ ಈಗಾಗಲೇ ಎರಡು ಪುತ್ಥಳಿಗಳಿವೆ. ಧಾರಾವಾಹಿಗೊಂದು, ಏವಾ ಮೇಡಂಗೊಂದು ಬಂದರೆ ನನ್ನ ಬೇಡಿಕೆ ಪಟ್ಟಿ ಮುಗಿಯುತ್ತದೆ. ಏವಾ ಅದನ್ನು ಶಾಲೆಯ ಖರ್ಚಿನಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ತನ್ನ ಕೋಣೆಯಲ್ಲೇ ಇಟ್ಟುಕೊಳ್ಳುವುದು ಖಚಿತ. ಲೆಕ್ಕಪರಿಶೋಧಕರು ಆಕ್ಷೇಪ ಎತ್ತದಿರಲಿ.